ದಿವಾಳಿಯಾದ ಅಂಗಡಿಯೂ ದುಡಿದವರ ವೇತನವೂ

ಮುಚ್ಚಿದ ಬಾಗಿಲೆಂದರೇನೆಂಬುದನ್ನು ದಾವಣಗೆರೆಯ ಜನರಿಗೆ ವಿವರಿಸಬೇಕಾಗಿಲ್ಲ. ಹತ್ತಿಯ ಗಿರಣಿಗಳ ದೆಸೆಯಿಂದ ‘ಕರ್ನಾಟಕದ ಮ್ಯಾಂಚೆಸ್ಟರ್’ ಎನಿಸಿಕೊಂಡಿದ್ದ ಈ ಊರಿನಲ್ಲಿ ಆ ಗಿರಣಿಗಳು ಒಂದೊಂದಾಗಿ ನಿಂತುಹೋದವು. ನೆರೆಯ ಹರಿಹರದಲ್ಲಿ 1941ರಲ್ಲಿ ಆರಂಭವಾಗಿ ಲೇತ್ ಯಂತ್ರಗಳಿಗೆ ಹೆಸರು ಪಡೆದಿದ್ದ ಮೈಸೂರು ಕಿರ್ಲೋಸ್ಕರ್ ಕಂಪೆನಿಯೂ ಈ ಶತಮಾನದ ಆದಿಯಲ್ಲಿ ಮುಚ್ಚಿ, ಉಚ್ಚ ನ್ಯಾಯಾಲಯದ ಸಮಾಪನಾಧಿಕಾರಿಯ ವಶಕ್ಕೆ ಹೋಯಿತು. ಆದರೆ ಕಾರ್ಖಾನೆಯವರಿಗೆ ಸಂಘವಿತ್ತು; ಅವರ ಕೂಗು ಊರಿಗೆ ಕೇಳಿಸುತ್ತಿತ್ತು. ಅಂಗಡಿಯಲ್ಲಿ ಸೀರೆ ಬಿಚ್ಚಿ ತೋರಿಸುವವಳ, ಬಿಲ್ಲು ಬರೆಯುವವನ ಗತಿಯೇನು?

ಈ ಪ್ರಶ್ನೆಯನ್ನು ನನ್ನ ಮುಂದೆ ತಂದಿಟ್ಟವಳು ನನ್ನ ಹಳೆಯ ವಿದ್ಯಾರ್ಥಿನಿ. ಅನೇಕ ಊರುಗಳಲ್ಲಿ ಮಳಿಗೆಗಳಿದ್ದ ಒಂದು ಜವಳಿ ಕಂಪೆನಿಯಲ್ಲಿ ಆಕೆ ಎಂಟು ವರ್ಷ ದುಡಿದವಳು. ಒಂದು ಬೆಳಗ್ಗೆ ಕೆಲಸಕ್ಕೆ ಹೋದರೆ ಬಾಗಿಲಿಗೆ ಬೀಗ, ಬೀಗದ ಮೇಲೊಂದು ಕಾಗದ. ಮೂರು ತಿಂಗಳ ಸಂಬಳ ಬಾಕಿ. “ಮೇಷ್ಟ್ರೇ, ಬ್ಯಾಂಕಿನವರು ಎಲ್ಲವನ್ನೂ ತೆಗೆದುಕೊಂಡು ಹೋಗುತ್ತಾರಂತೆ, ನಮಗೇನೂ ಉಳಿಯುವುದಿಲ್ಲವಂತೆ” ಎಂದಳು. ಆ ‘ಅಂತೆ’ಯನ್ನು ನಂಬಿ ಅವಳ ಜತೆಯವರು ಆಗಲೇ ಆಸೆ ಬಿಟ್ಟಿದ್ದರು.

ಸಂಸ್ಕೃತದಲ್ಲಿ ಭರ್ತೃ ಎಂದರೂ ಭೃತ್ಯ ಎಂದರೂ ಧಾತು ಒಂದೇ. ಹೊರುವವನು ಒಬ್ಬ, ಹೊರಲ್ಪಡತಕ್ಕವನು ಇನ್ನೊಬ್ಬ. ಧರ್ಮಶಾಸ್ತ್ರಕಾರರು ಹದಿನೆಂಟು ವ್ಯವಹಾರಪದಗಳನ್ನು ಎಣಿಸುವಾಗ ಸಂಬಳ ಕೊಡದಿರುವುದಕ್ಕೇ ಒಂದು ಪದವನ್ನು ಮೀಸಲಿಟ್ಟು, ಅದನ್ನು ‘ವೇತನಾನಪಾಕರ್ಮ’ವೆಂದು ಕರೆದರು. ಹೀಗೆ ವ್ಯಾಜ್ಯವು ಹಳೆಯದು. ಪರಿಹಾರವು ಮಾತ್ರ ಬಹುಕಾಲ ಅಲ್ಪವಾಗಿತ್ತು. 1920ರ ಪ್ರಾಂತೀಯ ದಿವಾಳಿ ಕಾಯಿದೆಯು ದಿವಾಳಿಯಾದವನ ಗುಮಾಸ್ತನಿಗೂ ಆಳಿಗೂ ನಾಲ್ಕು ತಿಂಗಳ ಸಂಬಳದಲ್ಲಿ ಆದ್ಯತೆಯಿಂದ ಕೊಡಿಸಿದ್ದು ತಲೆಗೆ ಒಟ್ಟು 20 ರೂಪಾಯಿ ಮಾತ್ರ!

ಕಂಪೆನಿಗಳ ವಿಷಯದಲ್ಲಿ 1985ರ ತಿದ್ದುಪಡಿಯು ದೊಡ್ಡ ಹೆಜ್ಜೆ. ಅಡಮಾನವಿಟ್ಟುಕೊಂಡು ಸಾಲ ಕೊಟ್ಟ ಬ್ಯಾಂಕಿನ ಪಂಕ್ತಿಯಲ್ಲೇ ಕೆಲಸಗಾರನಿಗೂ ಎಲೆ ಹಾಕಿದ್ದು ಅದೇ. 2016ರ ದಿವಾಳಿ ಸಂಹಿತೆಯ 53ನೆಯ ಪ್ರಕರಣವೂ ಆ ಪಂಕ್ತಿಯನ್ನು ಉಳಿಸಿಕೊಂಡಿತು, ಆದರೆ ಅಳತೆ ಹಾಕಿತು. ಸಮಾಪನೆಯ ಖರ್ಚು ತೀರಿದ ಮೇಲೆ, ಸಮಾಪನೆಗೆ ಹಿಂದಿನ 24 ತಿಂಗಳ ಬಾಕಿಯು ಕಾರ್ಮಿಕನಿಗೆ ಬ್ಯಾಂಕಿನೊಡನೆ ಸಮಪಂಕ್ತಿಯಲ್ಲಿ ಸಲ್ಲಬೇಕು. ‘ಕಾರ್ಮಿಕ’ನೆನಿಸದ ಮೇಲ್ವಿಚಾರಕ ಮುಂತಾದ ನೌಕರರಿಗೆ 12 ತಿಂಗಳದ್ದು ಮಾತ್ರ, ಅದೂ ಅವರ ತರುವಾಯ. ಆದುದರಿಂದ ‘ಫ್ಲೋರ್ ಮ್ಯಾನೇಜರ್’ ಎಂಬ ಹಿರಿಯ ಹೆಸರು ಕೊಟ್ಟರೆಂದು ಹಿಗ್ಗಬೇಕಾಗಿಲ್ಲ. ನಿಜವಾಗಿ ಮಾಡಿದ ಕೆಲಸವೇನೆಂಬುದನ್ನೇ ಬರೆದು ತೋರಿಸಬೇಕು.

ಇನ್ನೊಂದು ಮುಖ್ಯ ಸಂಗತಿ. ಭವಿಷ್ಯನಿಧಿ, ಪಿಂಚಣಿ ನಿಧಿ, ಗ್ರ್ಯಾಚುಯಿಟಿ ನಿಧಿಗಳಿಂದ ಬರತಕ್ಕ ಹಣವು ಹಂಚಿಕೆಯ ಆಸ್ತಿಯೊಳಗೆ ಸೇರುವುದೇ ಇಲ್ಲ. ಅದರ ಮೇಲೆ ಬ್ಯಾಂಕಿಗೆ ಕೈಯಿಲ್ಲ. ಆದರೆ ಯಜಮಾನನು ಗ್ರ್ಯಾಚುಯಿಟಿಗೆಂದು ನಿಧಿಯನ್ನೇ ಸ್ಥಾಪಿಸದಿದ್ದರೆ? ಸಮಾಪಕನು ಬೇರೆ ಕಡೆಯಿಂದ ಹಣ ಹೊಂದಿಸಿ ಕೊಡಲು ಬದ್ಧನಲ್ಲವೆಂದು ಕಂಪೆನಿ ಮೇಲ್ಮನವಿ ನ್ಯಾಯಮಂಡಲಿಯು 2020ರಲ್ಲಿ ತೀರ್ಪಿತ್ತಿತು. ಇಲ್ಲಿ ನನಗೆ ನ್ಯಾಯವು ಕುಂಟುತ್ತಿರುವಂತೆ ಕಾಣುತ್ತದೆ. ನಿಧಿಯನ್ನು ಕಟ್ಟದೆ ತಪ್ಪಿದವನು ಯಜಮಾನ, ಕಳೆದುಕೊಳ್ಳುವವನು ಭೃತ್ಯ.

ಕಳೆದುಕೊಳ್ಳುವುದಾದರೂ ಎಷ್ಟು? ಹಳೆಯ ಅಭ್ಯಾಸದಿಂದ ಲೆಕ್ಕ ಹಾಕಿದೆನು. ವರ್ಷವೊಂದಕ್ಕೆ 15 ದಿನದ ವೇತನ, ತಿಂಗಳಿಗೆ 26 ದಿನವೆಂಬುದು 1972ರ ಕಾಯಿದೆಯಿಂದ ಬಂದ ಸೂತ್ರ. ಆಕೆಯ ವೇತನ 13,000 ರೂಪಾಯಿ, ದಿನಕ್ಕೆ 500, ವರ್ಷಕ್ಕೆ 7,500, ಎಂಟು ವರ್ಷಕ್ಕೆ 60,000. ದೊಡ್ಡ ಲೇವಾದೇವಿಯವರಿಗೆ ಇದು ಚಿಲ್ಲರೆ. ಆಕೆಗೆ ಇಬ್ಬರು ಮಕ್ಕಳ ಶಾಲೆಯ ಖರ್ಚು.

ಆದರೆ ಆಕೆಯ ಚೀಲದಲ್ಲಿ ನೇಮಕಪತ್ರವಿರಲಿಲ್ಲ. ಸಂಬಳದ ಚೀಟಿಗಳು ಐದಾರು ಇದ್ದವು. ಬ್ಯಾಂಕಿನ ಪಾಸುಬುಕ್ಕು ನಮ್ಮನ್ನು ಕಾಪಾಡಿತು. ತಿಂಗಳು ತಿಂಗಳಿಗೆ ಕಂಪೆನಿಯ ಹೆಸರಿನಿಂದಲೇ ಹಣ ಜಮೆಯಾಗಿತ್ತು. ಭವಿಷ್ಯನಿಧಿಯ ಖಾತೆ ನೋಡಿದರೆ ಕೊನೆಯ ಏಳು ತಿಂಗಳು ಶೂನ್ಯ. ಸಂಬಳದಿಂದ ಹಿಡಿದಿದ್ದಾರೆ, ಕಟ್ಟಿಲ್ಲ. ಫೋನಿನಲ್ಲಿ ಎರಡು ನಿಮಿಷದ ಈ ಪರೀಕ್ಷೆಯನ್ನು ಪ್ರತಿ ತಿಂಗಳೂ ಮಾಡಿದ್ದರೆ ಅಂಗಡಿಯ ರೋಗವು ಬೀಗ ಬೀಳುವ ಮುನ್ನವೇ ತಿಳಿಯುತ್ತಿತ್ತು. ಮನೆಯಲ್ಲಿ ಅಂಗಡಿಯ ಕೆಲಸಕ್ಕೆ ಹೋಗುವವರಿದ್ದರೆ ವಾಚಕರು ಈ ರಾತ್ರಿಯೇ ನೋಡಲಿ.

ಬಿಗ್ ಬಜಾರ್ ಮಳಿಗೆಗಳನ್ನು ನಡೆಸಿದ್ದ ಫ್ಯೂಚರ್ ರಿಟೇಲ್ ಕಂಪೆನಿಯನ್ನೇ 2024ರ ಜುಲೈಯಲ್ಲಿ ಮುಂಬಯಿಯ ನ್ಯಾಯಮಂಡಲಿ ಸಮಾಪನೆಗೆ ಒಪ್ಪಿಸಿತು. ದೊಡ್ಡದೆಂಬ ಭರವಸೆ ಸಾಲದು. ಆದರೆ ಒಬ್ಬನ ಒಡೆತನದ ಅಥವಾ ಪಾಲುಗಾರಿಕೆಯ ಅಂಗಡಿಗೆ ಈ ಕ್ರಮವು ಅನ್ವಯಿಸದು. ಅಲ್ಲಿ ಸಾಲಕ್ಕೆ ಯಜಮಾನನ ಸ್ವಂತ ಆಸ್ತಿಯೂ ಹೊಣೆ. ಬಾಕಿಗಾಗಿ ಕಾರ್ಮಿಕ ಇಲಾಖೆಯ ಅಧಿಕಾರಿಯ ಬಳಿಗೆ ಹೋಗಬೇಕು.

ಕಂಪೆನಿಯಾದರೆ ಸಮಾಪಕನು ಪತ್ರಿಕೆಯಲ್ಲಿ ಪ್ರಕಟಣೆ ಹೊರಡಿಸಿ ಹಕ್ಕುಗಳನ್ನು ಕರೆಯುತ್ತಾನೆ. ಹೇಳಿದ ಅವಧಿಯೊಳಗೆ ಪುರಾವೆಯೊಡನೆ ಅರ್ಜಿ ಕಳುಹಬೇಕು. ಅನೇಕರ ಪರವಾಗಿ ಒಬ್ಬನೇ ಪ್ರತಿನಿಧಿಯು ಸಲ್ಲಿಸಬಹುದೆಂಬುದು ಬಹು ಜನಕ್ಕೆ ತಿಳಿಯದು. ನಮ್ಮ ಮನೆಯ ಜಗುಲಿಯ ಮೇಲೆ ಹನ್ನೊಂದು ಜನ ಕುಳಿತು ಪಟ್ಟಿ ಮಾಡಿದೆವು. ಇಬ್ಬರು “ಇದರಿಂದೇನಾದೀತು” ಎಂದು ಬರಲಿಲ್ಲ. ಅವರ ಹೆಸರನ್ನೂ ಮನೆಗೆ ಹೋಗಿ ಸಹಿ ಹಾಕಿಸಿ ಸೇರಿಸಿದೆವು.

ಅರ್ಜಿ ಮುಟ್ಟಿದೆಯೆಂಬ ಉತ್ತರ ಬಂದಿದೆ, ಹಣ ಇನ್ನೂ ಬಂದಿಲ್ಲ. ಆಕೆ ಈಗ ಹರಿಹರದ ಒಂದು ಔಷಧದ ಅಂಗಡಿಗೆ ದಿನವೂ ಬಸ್ಸಿನಲ್ಲಿ ಹೋಗಿ ಬರುತ್ತಾಳೆ. ನೇಮಕಪತ್ರವನ್ನು ಮೊದಲ ದಿನವೇ ಕೇಳಿದಳಂತೆ. ಮುಂದಿನ ವಾರ ಕೊಡುತ್ತೇವೆಂದಿದ್ದಾರಂತೆ.