ಸಾಮ್ರಾಜ್ಯದ ನುಡಿ, ಜನತೆಯ ನುಡಿ: ಸ್ಪ್ಯಾನಿಷ್ ಪ್ರಪಂಚದಲ್ಲಿ ಭಾಷೆ ಮತ್ತು ಸ್ವತ್ವ

ಕ್ರಿ.ಶ. ೧೪೯೨ ಸ್ಪೇನಿನ ಇತಿಹಾಸದಲ್ಲಿ ಅತ್ಯಂತ ಸ್ಮರಣೀಯವಾದ ವರ್ಷ. ಆ ವರ್ಷದ ಆರಂಭದಲ್ಲಿ ಗ್ರನಾಡದ ಮುಸ್ಲಿಮ್ ರಾಜ್ಯವು ಶರಣಾಗತವಾಯಿತು. ಕ್ರೈಸ್ತಮತವನ್ನು ಸ್ವೀಕರಿಸಲೊಪ್ಪದ ಯೆಹೂದ್ಯರನ್ನು ದೇಶದಿಂದ ಹೊರಡಿಸಲಾಯಿತು. ಕೊಲಂಬಸನು ಅಟ್ಲಾಂಟಿಕ್ ಸಾಗರವನ್ನು ದಾಟಿದನು. ಅದೇ ವರ್ಷ ಸಲಮಾಂಕಾ ನಗರದಲ್ಲಿ ಅಂತೋನಿಯೊ ದೆ ನೆಬ್ರಿಹಾ ಎಂಬ ವಿದ್ವಾಂಸನು ಕಾಸ್ತೀಲ್ ರಾಜ್ಯದ ನುಡಿಗೆ ಒಂದು ವ್ಯಾಕರಣವನ್ನು ರಚಿಸಿ ರಾಣಿ ಇಸಬೆಲಳಿಗೆ ಅರ್ಪಿಸಿದನು. ಭಾಷೆಯು ಎಂದಿಗೂ ಸಾಮ್ರಾಜ್ಯದ ಒಡನಾಡಿ ಎಂಬುದು ಅದರ ಮುನ್ನುಡಿಯ ತಾತ್ಪರ್ಯ.

ಇಂದು ಸ್ಪ್ಯಾನಿಷ್ ಭಾಷೆ ಇಪ್ಪತ್ತು ಸ್ವತಂತ್ರ ರಾಷ್ಟ್ರಗಳ ರಾಜ್ಯವ್ಯವಹಾರದ ಭಾಷೆ. ಅದನ್ನು ತಾಯಿನುಡಿಯಾಗಿ ಆಡುವವರು ಸುಮಾರು ಐವತ್ತು ಕೋಟಿ. ಇವರಲ್ಲಿ ಹತ್ತಕ್ಕೆ ಒಂಬತ್ತು ಪಾಲು ಸ್ಪೇನಿನ ಹೊರಗಿನವರು. ‘ಸ್ಪೇನ್ ಗೆದ್ದಿತು, ಅದರ ಭಾಷೆ ಹಬ್ಬಿತು’ ಎಂದು ಇತಿಹಾಸವನ್ನು ಬೋಧಿಸುವ ನಾವು ತರಗತಿಯಲ್ಲಿ ಒಂದೇ ವಾಕ್ಯದಲ್ಲಿ ಹೇಳಿ ಮುಂದುವರಿಯುವುದುಂಟು. ಈ ವಾಕ್ಯ ಅರ್ಧಸತ್ಯವೆಂಬುದನ್ನು ತೋರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮೊದಲು ಸಾಮ್ರಾಜ್ಯದ ಕಾಲವನ್ನು ಪರಿಶೀಲಿಸೋಣ. ಅಮೆರಿಕದಲ್ಲಿ ಸ್ಪೇನಿನ ಅರಸರಿಗೆ ತೆರಿಗೆ ಬೇಕಾಗಿತ್ತು. ಪಾದ್ರಿಗಳಿಗೆ ಮತಾಂತರ ಬೇಕಾಗಿತ್ತು. ಲಕ್ಷಾಂತರ ಜನರಿಗೆ ಹೊಸ ಭಾಷೆಯನ್ನು ಕಲಿಸಿ ಅನಂತರ ಮತಬೋಧೆ ಮಾಡುವುದಕ್ಕಿಂತ, ಕೆಲವು ನೂರು ಪಾದ್ರಿಗಳು ಅವರ ಭಾಷೆಯನ್ನು ಕಲಿಯುವುದೇ ಸುಲಭವಾಗಿತ್ತು. ಹೀಗಾಗಿ ೧೫೪೭ರಲ್ಲಿ ಆಂದ್ರೇಸ್ ದೆ ಓಲ್ಮೋಸನು ಮೆಕ್ಸಿಕೋದ ನಾವಾತ್ಲ್ ಭಾಷೆಗೂ, ೧೫೬೦ರಲ್ಲಿ ದೊಮಿಂಗೊ ದೆ ಸಾಂತೊ ತೊಮಾಸನು ಪೆರುವಿನ ಕೆಚುವಾ ಭಾಷೆಗೂ ವ್ಯಾಕರಣಗಳನ್ನು ರಚಿಸಿದರು. ೧೫೭೦ರಲ್ಲಿ ಎರಡನೆಯ ಫಿಲಿಪ್ ದೊರೆಯೇ ಮೆಕ್ಸಿಕೋ ಭಾಗದ ಮೂಲನಿವಾಸಿಗಳಿಗೆ ನಾವಾತ್ಲ್ ಭಾಷೆಯನ್ನು ಅಧಿಕೃತವೆಂದು ಗೊತ್ತುಪಡಿಸಿದನು. ಈ ನೀತಿಯು ಪೂರ್ಣವಾಗಿ ತಿರುಗಿದುದು ಎರಡು ಶತಮಾನಗಳ ಅನಂತರ. ದೇಶ್ಯಭಾಷೆಗಳು ಅಳಿದು ಕಾಸ್ತೀಲಿನ ನುಡಿಯೊಂದೇ ಉಳಿಯಬೇಕೆಂದು ಮೂರನೆಯ ಚಾರ್ಲ್ಸ್ ದೊರೆ ೧೭೭೦ರಲ್ಲಿ ಆಜ್ಞೆ ಹೊರಡಿಸಿದನು. ಆದರೆ ಸಾಮ್ರಾಜ್ಯಕ್ಕೆ ಉಳಿದಿದ್ದ ಆಯುಷ್ಯ ಅಲ್ಪ. ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ಸ್ವಾತಂತ್ರ್ಯ ಸಮರಗಳು ಆರಂಭವಾದಾಗ ಅಮೆರಿಕದಲ್ಲಿ ಸ್ಪ್ಯಾನಿಷ್ ಆಡುತ್ತಿದ್ದವರು ಇನ್ನೂ ಅಲ್ಪಸಂಖ್ಯಾತರೇ.

ಸ್ಪ್ಯಾನಿಷ್ ಭಾಷೆಯನ್ನು ಹಳ್ಳಿಹಳ್ಳಿಗೆ ಕೊಂಡೊಯ್ದುದು ಸ್ಪೇನನ್ನು ಹೊರಗಟ್ಟಿದ ಗಣರಾಜ್ಯಗಳು. ಒಂದು ರಾಷ್ಟ್ರ, ಒಂದು ಕಾನೂನು, ಒಂದು ಭಾಷೆ ಎಂಬ ತತ್ತ್ವವನ್ನು ಅವು ಅಂಗೀಕರಿಸಿದುವು. ಶಾಲೆ, ಸೈನ್ಯ, ನ್ಯಾಯಾಲಯ, ರೈಲುದಾರಿ ಇವೆಲ್ಲವೂ ಭಾಷಾಪ್ರಸಾರದ ಸಾಧನಗಳಾದುವು. ಕಾಗದದ ಮೇಲೆ ಎಲ್ಲರೂ ಸಮಾನ ಪ್ರಜೆಗಳು. ಆದರೆ ಆ ಸಮಾನತೆಯ ಬಾಗಿಲು ಸ್ಪ್ಯಾನಿಷ್ ಭಾಷೆಯಲ್ಲಿ ಮಾತ್ರ ತೆರೆಯುತ್ತಿತ್ತು. ಪೆರುವಿನ ನಿದರ್ಶನ ಇದನ್ನು ಸ್ಪಷ್ಟಪಡಿಸುತ್ತದೆ. ಅಲ್ಲಿ ಓದುಬರಹ ಬಾರದವರಿಗೆ ಮತದಾನದ ಹಕ್ಕು ದೊರೆತುದು ೧೯೭೯ರ ಸಂವಿಧಾನದಿಂದ. ಓದುಬರಹವೆಂದರೆ ವಸ್ತುತಃ ಸ್ಪ್ಯಾನಿಷ್ ಓದುಬರಹವೇ ಆಗಿದ್ದ ನಾಡಿನಲ್ಲಿ, ಕೆಚುವಾ ಮಾತ್ರ ಬಲ್ಲ ಬೆಟ್ಟದ ರೈತನು ಇಪ್ಪತ್ತನೆಯ ಶತಮಾನದ ಬಹುಭಾಗ ತನ್ನ ದೇಶದಲ್ಲಿಯೇ ಮತವಿಲ್ಲದ ಪ್ರಜೆಯಾಗಿದ್ದನು.

ಹಾಗಾದರೆ ಗಣರಾಜ್ಯಗಳ ಸುಶಿಕ್ಷಿತರು ಸೋತ ಶತ್ರುವಿನ ಭಾಷೆಯನ್ನು ತಮ್ಮದೆಂದು ಹೇಳಿಕೊಂಡ ಬಗೆ ಹೇಗೆ? ಇದಕ್ಕೆ ಉತ್ತರ ಆಂದ್ರೇಸ್ ಬೇಯೊ ಎಂಬ ಪಂಡಿತನ ಜೀವನದಲ್ಲಿದೆ. ೧೭೮೧ರಲ್ಲಿ ಕರಾಕಸ್ ನಗರದಲ್ಲಿ ಜನಿಸಿದ ಈತನು ೧೮೧೦ರಲ್ಲಿ ಬೊಲಿವಾರನೊಡನೆ ಲಂಡನ್ನಿಗೆ ತೆರಳಿ, ಅಲ್ಲಿ ಹತ್ತೊಂಬತ್ತು ವರ್ಷ ಬಡತನದಲ್ಲಿ ಕಳೆದು, ಕೊನೆಗೆ ಚಿಲಿ ದೇಶದಲ್ಲಿ ನೆಲೆಸಿ ಅಲ್ಲಿಯ ವಿಶ್ವವಿದ್ಯಾನಿಲಯದ ಪ್ರಥಮ ಅಧ್ಯಕ್ಷನಾದನು. ಲ್ಯಾಟಿನ್ ಭಾಷೆ ಒಡೆದು ಹಲವಾದಂತೆ ಸ್ಪ್ಯಾನಿಷ್ ಕೂಡ ಒಡೆದೀತೆಂಬುದು ಅವನ ಭಯ. ೧೮೪೭ರಲ್ಲಿ ಅವನು ಪ್ರಕಟಿಸಿದ ವ್ಯಾಕರಣವು ಅಮೆರಿಕನ್ನರ ಉಪಯೋಗಕ್ಕೆಂದೇ ಉದ್ದಿಷ್ಟವಾಗಿತ್ತು. ಸ್ಪೇನಿನೊಳಗಿನ ಪ್ರಾಂತಗಳಿಗೆ ತಮ್ಮ ವಿಶಿಷ್ಟ ಪ್ರಯೋಗಗಳ ಹಕ್ಕು ಇರುವಂತೆ ಚಿಲಿ, ವೆನಿಸುವೇಲಗಳಿಗೂ ಆ ಹಕ್ಕು ಇದೆಯೆಂದು ಅವನು ವಾದಿಸಿದನು. ಅವನ ಪ್ರತಿವಾದಿಯಾದ ಅರ್ಜೆಂಟೀನದ ಸಾರ್ಮಿಯೆಂತೊ ಇನ್ನೂ ಮುಂದೆ ಹೋಗಿ, ೧೮೪೩ರಲ್ಲಿ ಅಮೆರಿಕಕ್ಕೆ ಪ್ರತ್ಯೇಕ ಅಕ್ಷರಸಂಯೋಜನೆಯನ್ನೇ ಸೂಚಿಸಿದನು. ಭಾಷೆಯ ಒಡೆತನ ಮ್ಯಾಡ್ರಿಡ್ ನಗರದ್ದಲ್ಲವೆಂಬ ವಿಷಯದಲ್ಲಿ ಮಾತ್ರ ಇಬ್ಬರಿಗೂ ಭಿನ್ನಾಭಿಪ್ರಾಯವಿರಲಿಲ್ಲ. ಅಂತೆಯೇ, ಆಪ್ತರನ್ನು ‘ತೂ’ ಎನ್ನದೆ ‘ವೋಸ್’ ಎಂದು ಕರೆಯುವ ಅರ್ಜೆಂಟೀನದ ರೂಢಿಯನ್ನು ಬೇಯೊನಂತಹ ವೈಯಾಕರಣರೂ ಅಶುದ್ಧವೆಂದು ತಿರಸ್ಕರಿಸಿದ್ದರು. ೧೯೮೨ರಲ್ಲಿ ಆ ದೇಶದ ಸಾಹಿತ್ಯ ಅಕಾಡೆಮಿ ಅದನ್ನು ಸಾಧುಪ್ರಯೋಗವೆಂದು ಮನ್ನಿಸಿತು.

ಕೊಡುಕೊಳೆಯಂತೂ ಮೊದಲಿನಿಂದಲೂ ನಡೆದಿತ್ತು. ಸುಮಾರು ೧೪೯೫ರಲ್ಲಿ ಪ್ರಕಟವಾದ ನೆಬ್ರಿಹಾನ ನಿಘಂಟಿನಲ್ಲಿಯೇ, ಕೆರಿಬಿಯನ್ ದ್ವೀಪಗಳ ತಾಯಿನೊ ಜನರು ದೋಣಿಗೆ ಹೇಳುತ್ತಿದ್ದ ‘ಕನೋವ’ ಎಂಬ ಶಬ್ದವು ಸೇರಿಹೋಗಿದೆ. ಈ ಪ್ರವಾಹದ ಹನಿಗಳು ನಮ್ಮ ನಾಡಿಗೂ ಬಂದಿವೆ: ನಮ್ಮ ‘ಟೊಮೇಟೊ’ ನಾವಾತ್ಲ್ ಮೂಲದ್ದು, ಕರಾವಳಿಯ ‘ಬಟಾಟೆ’ ತಾಯಿನೊ ಮೂಲದಿಂದ ಪೋರ್ಚುಗೀಸರ ಮೂಲಕ ಬಂದುದು.

ಭಾಷೆಗೂ ಸ್ವತ್ವಕ್ಕೂ ಇರುವ ಸಂಬಂಧ ಎಲ್ಲೆಡೆ ಒಂದೇ ಬಗೆಯದಲ್ಲವೆಂಬುದಕ್ಕೆ ಪರಾಗ್ವೇ ಉತ್ತಮ ಸಾಕ್ಷಿ. ೧೫೩೭ರಲ್ಲಿ ಸ್ಥಾಪಿತವಾದ ಅಸುನ್ಸಿಯೋನ್ ನೆಲೆಗೆ ಬಂದ ಸ್ಪೇನಿನ ಗಂಡಸರು ಕೆಲವರೇ. ಅವರಿಗೆ ಗ್ವಾರನೀ ಸ್ತ್ರೀಯರಲ್ಲಿ ಹುಟ್ಟಿದ ಮಕ್ಕಳು ತಂದೆಯ ಹೆಸರನ್ನು ಪಡೆದು ತಾಯಿಯ ನುಡಿಯನ್ನು ಆಡಿದರು. ಈಗಲೂ ಅಲ್ಲಿ ಗ್ವಾರನೀ ಆಡುವವರಲ್ಲಿ ಬಹುಸಂಖ್ಯಾತರು ಮಿಶ್ರ ವಂಶಜರೇ ಹೊರತು ಮೂಲ ಬುಡಕಟ್ಟಿನವರಲ್ಲ. ಬೊಲಿವಿಯದೊಡನೆ ನಡೆದ ಚಾಕೊ ಯುದ್ಧದಲ್ಲಿ (೧೯೩೨–೩೫) ಸೈನ್ಯದ ಸಂದೇಶಗಳು ಗ್ವಾರನೀ ಭಾಷೆಯಲ್ಲಿ ಹೋಗುತ್ತಿದ್ದುವು. ಆದರೂ ಶಾಲೆಯಲ್ಲಿ ಅದನ್ನು ಆಡಿದ ಮಕ್ಕಳು ದಂಡನೆಗೆ ಗುರಿಯಾಗುತ್ತಿದ್ದರು. ರಣರಂಗಕ್ಕೆ ಬೇಕಾದ ನುಡಿ ತರಗತಿಗೆ ಬೇಡವಾಗಿತ್ತು! ೧೯೯೨ರ ಸಂವಿಧಾನವು ಗ್ವಾರನೀಯನ್ನು ಸ್ಪ್ಯಾನಿಷ್‌ನೊಡನೆ ಅಧಿಕೃತ ಭಾಷೆಯನ್ನಾಗಿ ಮಾಡಿತು.

ಫಿಲಿಪೀನ್ಸಿನ ಕಥೆ ಇದಕ್ಕೆ ವಿರುದ್ಧವಾದುದು. ೧೫೬೫ರಿಂದ ೧೮೯೮ರವರೆಗೆ ಸ್ಪೇನ್ ಅಲ್ಲಿ ಆಳಿತು. ಆದರೆ ಭಾಷೆ ಸುಶಿಕ್ಷಿತರ ಸಣ್ಣ ವರ್ಗವನ್ನು ದಾಟಲಿಲ್ಲ. ಆ ವರ್ಗವೇ ಸ್ವಾತಂತ್ರ್ಯದ ಕಹಳೆಯನ್ನು ಊದಿತು, ಅದೂ ಸ್ಪ್ಯಾನಿಷ್ ಭಾಷೆಯಲ್ಲಿ. ಹೊಸೆ ರಿಸಾಲನ ಎರಡು ಕಾದಂಬರಿಗಳು (೧೮೮೭, ೧೮೯೧) ಆ ಭಾಷೆಯಲ್ಲಿ ರಚಿತವಾದುವು. ೧೮೯೬ರಲ್ಲಿ ಸ್ಪೇನ್ ಸರಕಾರ ಅವನನ್ನು ಗುಂಡಿಕ್ಕಿ ಕೊಂದಿತು. ೧೮೯೯ರ ಪ್ರಥಮ ಗಣರಾಜ್ಯದ ಸಂವಿಧಾನವೂ ಸ್ಪ್ಯಾನಿಷ್ ಭಾಷೆಯದೇ. ಬಳಿಕ ಬಂದ ಅಮೆರಿಕ ಸಂಯುಕ್ತ ಸಂಸ್ಥಾನವು ಶಾಲೆಗಳನ್ನು ತೆರೆದು ಇಂಗ್ಲಿಷ್ ಕಲಿಸಿತು. ೧೯೮೭ರ ಸಂವಿಧಾನದಲ್ಲಿ ಸ್ಪ್ಯಾನಿಷ್ ಭಾಷೆಗೆ ಅಧಿಕೃತ ಸ್ಥಾನ ಉಳಿಯಲಿಲ್ಲ. ರಿಸಾಲನ ಕೃತಿಗಳ ವ್ಯಾಸಂಗವನ್ನು ೧೯೫೬ರ ಶಾಸನ ಕಡ್ಡಾಯಗೊಳಿಸಿತು. ಆದರೆ ತಮ್ಮ ರಾಷ್ಟ್ರಪಿತರ ಮಾತುಗಳನ್ನು ಅಲ್ಲಿಯ ಬಹುತೇಕ ವಿದ್ಯಾರ್ಥಿಗಳು ಅನುವಾದದಲ್ಲಿ ಓದಬೇಕಾಗಿದೆ.

ಇನ್ನು ೧೪೯೨ರಲ್ಲಿ ಹೊರದೂಡಲ್ಪಟ್ಟ ಯೆಹೂದ್ಯರು. ಸಲೋನಿಕ, ಇಸ್ತಾಂಬುಲ್ ಮೊದಲಾದ ನಗರಗಳಲ್ಲಿ ಅವರ ಸಂತತಿಯವರು ಹಳೆಯ ಸ್ಪ್ಯಾನಿಷ್ ನುಡಿಯನ್ನು ಶತಮಾನಗಳ ಕಾಲ ಹೀಬ್ರೂ ಲಿಪಿಯಲ್ಲಿ ಬರೆದು ಉಳಿಸಿಕೊಂಡರು. ಯಾವ ಸಾಮ್ರಾಜ್ಯವೂ ಇವರ ಬೆನ್ನಿಗಿರಲಿಲ್ಲ. ಅವರ ವಂಶಜರಿಗೆ ಪೌರತ್ವ ನೀಡುವ ಶಾಸನವನ್ನು ಸ್ಪೇನ್ ಅಂಗೀಕರಿಸಿದುದು ೨೦೧೫ರಲ್ಲಿ.

ಈ ನಿದರ್ಶನಗಳಿಂದ ನಾವು ತಲಪುವ ನಿರ್ಣಯವಿಷ್ಟು: ಸಾಮ್ರಾಜ್ಯವು ಭಾಷೆಯನ್ನು ದಡಕ್ಕೆ ತಂದು ಬಿಡಬಲ್ಲುದು, ಅದನ್ನು ನೆಲದಲ್ಲಿ ಬೇರೂರಿಸುವುದು ಮನೆ, ಶಾಲೆ ಮತ್ತು ಜನರ ಅಂಗೀಕಾರ. ಆದರೆ ಅಂಗೀಕಾರವೆಂದು ನಾವು ಕರೆಯುವುದರಲ್ಲಿ ಒತ್ತಾಯದ ಪಾಲೆಷ್ಟೆಂದು ಕೇಳದೆ ಬಿಡುವಂತಿಲ್ಲ. ಬೇಯೊನ ವ್ಯಾಕರಣವೂ ಪೆರುವಿನ ಮತವಿಲ್ಲದ ರೈತನೂ ಒಂದೇ ಚರಿತ್ರೆಗೆ ಸೇರಿದವರು. ಈ ಭಾಷೆಯ ಹೆಸರಿನ ವಿಷಯದಲ್ಲಿಯೂ ಇನ್ನೂ ಏಕಮತ್ಯವಿಲ್ಲ: ಕ್ಯೂಬ, ಗ್ವಾಟೆಮಾಲಗಳ ಸಂವಿಧಾನಗಳು ಅದನ್ನು ಸ್ಪೇನಿನ ಹೆಸರಿನಿಂದ ‘ಎಸ್ಪಾನ್ಯೋಲ್’ ಎನ್ನುತ್ತವೆ, ಪೆರು, ಕೊಲಂಬಿಯ, ಪರಾಗ್ವೇಗಳ ಸಂವಿಧಾನಗಳು ‘ಕಾಸ್ತೆಯಾನೊ’, ಎಂದರೆ ಕಾಸ್ತೀಲಿನ ನುಡಿ, ಎನ್ನುತ್ತವೆ. ಸ್ಪೇನಿನ ೧೯೭೮ರ ಸಂವಿಧಾನವೂ ಎರಡನೆಯ ಹೆಸರನ್ನೇ ಬಳಸಿದೆ. ಏಕೆಂದರೆ ಕತಲಾನ್, ಬಾಸ್ಕ್, ಗಲೀಸಿಯನ್ ನುಡಿಗಳೂ ಸ್ಪೇನಿನವೇ ಅಲ್ಲವೇ? ನೆಬ್ರಿಹಾ ತನ್ನ ವ್ಯಾಕರಣಕ್ಕೆ ಇಟ್ಟ ಹೆಸರಿನಲ್ಲಿಯೂ ಇದ್ದುದು ಕಾಸ್ತೀಲಿನ ನುಡಿಯೆಂದೇ.