ತೊರೆದ ವೃತ್ತಿಯ ಕೊರಗು

ಚಾರ್ಟರ್ಡ್ ಅಕೌಂಟೆಂಟರಾಗಿ ಸ್ವತಂತ್ರ ವೃತ್ತಿ ನಡೆಸಿ, ಬಳಿಕ ಖಾಸಗಿ ಕಂಪನಿಯ ನೌಕರಿಗೆ ಸೇರಿದ ಕೆಲವರಿಗೆ ಸಂಬಳ ಹೆಚ್ಚಿದರೂ ನಿದ್ರೆ ಕೆಡುತ್ತದೆ. ಅಲ್ಲಿ ಹತ್ತಾರು ಕಕ್ಷಿದಾರರು ಸಲಹೆ ಕೇಳಿ ಬರುತ್ತಿದ್ದರು. ಇಲ್ಲಿ ತಿಂಗಳು ತಿಂಗಳೂ ಅದೇ ಲೆಕ್ಕ, ಅದೇ ವರದಿ. ಹಿಂದಿನ ಮನ್ನಣೆಗಾಗಿ ಮನಸ್ಸು ಕೊರಗುತ್ತದೆ. ಆದರೆ ನೆನಪು ಪಕ್ಷಪಾತಿ. ತೆರಿಗೆ ಲೆಕ್ಕಪರಿಶೋಧನೆಗೆ ಸೆಪ್ಟೆಂಬರ್ 30ರ ಗಡುವೆಂದು ನಿದ್ದೆಗೆಟ್ಟು ದುಡಿದ ರಾತ್ರಿಗಳನ್ನು ಅದು ಮರೆಸಿಬಿಡುತ್ತದೆ. ಆದ್ದರಿಂದ ಅಂದಿನ ಹಾಗೂ ಇಂದಿನ ದಿನಚರಿಗಳನ್ನು ಎದುರುಬದುರಾಗಿ ಬರೆದು ನೋಡುವುದು ಲೇಸೆಂದು ನಾವು ಭಾವಿಸುತ್ತೇವೆ. ಜಮಾಖರ್ಚು ಬಲ್ಲವರಿಗೆ ಇದೇನು ಕಷ್ಟವಲ್ಲ. ಪೂರ್ಣಾವಧಿ ನೌಕರಿಗಾಗಿ ವೃತ್ತಿ ನಡೆಸುವ ಪ್ರಮಾಣಪತ್ರವನ್ನು ಹಿಂದಿರುಗಿಸಿದ್ದರೂ, ಸಂಸ್ಥೆಯ ಸದಸ್ಯತ್ವ ಉಳಿಸಿಕೊಂಡವರು ಅದನ್ನು ಮರಳಿ ಪಡೆಯಬಹುದು. ಎರಡು ವಾರ ಕಳೆದರೂ ನಿದ್ರೆ, ಹಸಿವು, ಉತ್ಸಾಹ ಮರಳದಿದ್ದರೆ ಖಿನ್ನತೆ ಇರಬಹುದು. ಆಗ ನೌಕರಿಯ ನಿರ್ಧಾರವನ್ನು ಮುಂದೂಡಿ ಮೊದಲು ವೈದ್ಯರನ್ನು ಕಾಣಬೇಕು.