ಭಾವಚಿತ್ರದಲ್ಲಿ ನಮ್ಮ ಮೈಬಣ್ಣ

ಊರಿಗೆ ಕಳುಹಿಸಲೆಂದು ತೆಗೆಸಿದ ಚಿತ್ರದಲ್ಲಿ ಮುಖ ಕಪ್ಪಾಗಿ ಬಂದಿದೆಯೆಂದು ವಾಚನಾಲಯದ ಬಂಧುಗಳು ಬೇಸರಪಡುವುದುಂಟು. ತಪ್ಪು ಮುಖದ್ದಲ್ಲ. ಎದುರಿನ ದೃಶ್ಯವೆಲ್ಲ ಸರಾಸರಿಯಲ್ಲಿ ನಡುಬೂದು ಬಣ್ಣದ್ದೆಂದೇ ಭಾವಿಸಿ ಕ್ಯಾಮೆರಾ ಬೆಳಕಿನ ಲೆಕ್ಕ ಹಾಕುತ್ತದೆ. ಹಿಂದೆ ಸುಣ್ಣದ ಗೋಡೆಯಿದ್ದರೆ ಬೆಳಕು ಹೆಚ್ಚಾಯಿತೆಂದು ತಗ್ಗಿಸುತ್ತದೆ. ಕಂದು ಮುಖ ಇನ್ನಷ್ಟು ಕಪ್ಪಿಡುತ್ತದೆ. ಮೊಬೈಲಿನಲ್ಲಾದರೆ ಪರದೆಯ ಮೇಲೆ ಮುಖವನ್ನೇ ಬೆರಳಿನಿಂದ ಮುಟ್ಟಿ, ಆಮೇಲೆ ಚಿತ್ರ ತೆಗೆಯಿರಿ.

ಫಿಲ್ಮಿನ ಕಾಲದಲ್ಲಿ ದೋಷ ಇನ್ನೂ ಆಳವಾಗಿತ್ತು. 1950ರ ದಶಕದಿಂದ ಕೊಡಕ್ ಕಂಪನಿಯು ಬಣ್ಣ ಹೊಂದಿಸಲು ಅಚ್ಚಿನ ಪ್ರಯೋಗಾಲಯಗಳಿಗೆ ‘ಶರ್ಲಿ’ ಎಂಬ ಬಿಳಿಯ ಮಹಿಳೆಯ ಚಿತ್ರವಿದ್ದ ಕಾರ್ಡನ್ನು ಕೊಡುತ್ತಿತ್ತು. ಆಕೆಯ ಬಣ್ಣ ಸರಿಬಂದರೆ ಮುಗಿಯಿತು. ನಮ್ಮಂಥವರ ಗೊಡವೆ ಯಾರಿಗೆ! ಮುಂದೆ ಕಂದು ಛಾಯೆಗಳು ಸುಧಾರಿಸಿದ್ದಕ್ಕೆ ಚಾಕೊಲೇಟ್ ಹಾಗೂ ಮರದ ಸಾಮಾನು ತಯಾರಕರ ದೂರುಗಳೂ ಕಾರಣವೆಂದು ಅಲ್ಲಿ ದುಡಿದವರೊಬ್ಬರೇ ಹೇಳಿದ್ದಾರೆ.

ಕಿಟಕಿಯ ಬೆಳಕೊಂದೇ ಸಾಕು, ಕೋಣೆಯ ದೀಪ ಆರಿಸಿ. ಎರಡೂ ಬೆರೆತರೆ ಒಂದು ಕೆನ್ನೆ ನೀಲಿ, ಇನ್ನೊಂದು ಹಳದಿ. ಹಸಿರು ಗೋಡೆಯ ಪಕ್ಕ ನಿಂತರೆ ಮುಖಕ್ಕೂ ಹಸಿರು ಹೊಡೆಯುತ್ತದೆ. ತಿದ್ದುವಾಗ ಮೊದಲು ಅಂಗಿಯ ಬಿಳುಪನ್ನು ಸರಿಮಾಡಿ. ಮುಖದ ಬಣ್ಣ ಬಹುಮಟ್ಟಿಗೆ ತಾನೇ ಸರಿಹೋದೀತು. ಮುಖ ಬೆಳ್ಳಗೆ ಮಾಡುವ ಗುಂಡಿಯ ತಂಟೆಗೆ ಮಾತ್ರ ಹೋಗಬೇಡಿ. ನಮ್ಮ ಗೆಳೆಯರೊಬ್ಬರು ಸ್ಟುಡಿಯೋದಲ್ಲಿ ಬೆಳ್ಳಗೆ ಮಾಡಿಸಿದ ಚಿತ್ರವನ್ನು ಹೆಣ್ಣಿನ ಮನೆಗೆ ಕಳುಹಿಸಿದ್ದರು. ಅವರೇ ಹೋಗಿ ಬಾಗಿಲಲ್ಲಿ ನಿಂತಾಗ ಹುಡುಗಿಯ ತಂದೆ, “ಗಂಡು ಬರಲಿಲ್ಲವೇ?” ಎಂದು ಕೇಳಿದರಂತೆ.